ಒಂದು ಕೆಗ್ ಸಪ್ಪೆ, ಇನ್ನೊಂದು ಬರೀ ನೊರೆ

ಪ್ರಶ್ನೆ: ನಾನು ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ಎರಡು ವರ್ಷಗಳಿಂದ ಮನೆಯಲ್ಲೇ ಬಿಯರ್ ತಯಾರಿಸಿ ಬಾಟಲಿಗಳಿಗೆ ತುಂಬುತ್ತಿದ್ದೆ. ಬಾಟಲಿ ತೊಳೆದು ತೊಳೆದು ಸಾಕಾಗಿ ಈ ಸಲ 9.5 ಲೀಟರಿನ ಎರಡು ಹಳೆಯ ಸ್ಟೀಲ್ ಕೆಗ್, ಅಂದರೆ ಒತ್ತಡ ತಡೆಯುವ ಬಿಯರ್ ಪೀಪಾಯಿ, ಕೊಂಡೆ. 20 ಡಿಗ್ರಿಯಲ್ಲಿ ಹುದುಗಿದ ಒಂದೇ ಬ್ರೌನ್ ಏಲ್ (ಕಂದು ಬಣ್ಣದ ಬಿಯರ್) ಅನ್ನು ಎರಡಕ್ಕೂ ಒಂಬತ್ತೊಂಬತ್ತು ಲೀಟರ್ ತುಂಬಿದೆ. ಕೆಗ್‌ಗೆ ಬಾಟಲಿಯ ಅರ್ಧದಷ್ಟು ಸಕ್ಕರೆ ಸಾಕು ಎಂದು ಕೇಳಿದ್ದರಿಂದ ಗ್ಯಾಸ್ ಹುಟ್ಟಲೆಂದು ತಲಾ 28 ಗ್ರಾಂ ಸಕ್ಕರೆ ಹಾಕಿ ಮುಚ್ಚಿದೆ. ಇಂಗಾಲದ ಡೈಆಕ್ಸೈಡ್ ಗ್ಯಾಸ್ ಸಿಲಿಂಡರ್ ನನ್ನಲ್ಲಿಲ್ಲ. 16 ಡಿಗ್ರಿಯ ನೆಲಮಾಳಿಗೆಯಲ್ಲಿ ಮೂರು ವಾರ ಇಟ್ಟು, ಮೊನ್ನೆ ಗೆಳೆಯರು ಬರುವ ದಿನ ಎರಡನ್ನೂ ಮೇಲಕ್ಕೆ ತಂದು ನಾಲ್ಕೈದು ಗಂಟೆ ಫ್ರಿಜ್ಜಿನಲ್ಲಿಟ್ಟೆ. ಒಂದರಿಂದ ಬಿಯರ್ ಹೊರಗೇ ಬರಲಿಲ್ಲ. ಮುಚ್ಚಳ ತೆಗೆದು ಸೌಟಿನಲ್ಲಿ ಮೊಗೆದು ಕುಡಿದರೆ ಪೂರಾ ಸಪ್ಪೆ. ಇನ್ನೊಂದರಿಂದ ಮೂರು ಲೋಟ ಬರೀ ನೊರೆ. ಬಿಯರ್ ಒಂದೇ, ಸಕ್ಕರೆ ಒಂದೇ, ಹೀಗೇಕೆ? ಸಪ್ಪೆಯಾದದ್ದನ್ನು ಉಳಿಸಬಹುದೇ? ಸಿಲಿಂಡರ್ ಕೊಳ್ಳಲೇಬೇಕೇ? ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ? ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ತಮ್ಮನಿಗೂ ಇದನ್ನು ಕಲಿಸುವ ಆಸೆಯಿದೆ.

ಉತ್ತರ: ನೀವು ಎರಡು ಕೆಗ್‌ಗಳಿಗೆ ಎರಡು ವಿರುದ್ಧ ರೋಗ ಬಂದಿದೆ ಎಂದುಕೊಂಡಿದ್ದೀರಿ. ನನ್ನ ಅಂದಾಜಿನಲ್ಲಿ ಎರಡರಲ್ಲೂ ಗ್ಯಾಸ್ ಕಡಿಮೆಯೇ. ಒಂದರಲ್ಲಿ ಹುಟ್ಟಿದ ಗ್ಯಾಸ್ ನಿಲ್ಲಲಿಲ್ಲ. ಇನ್ನೊಂದರಲ್ಲಿ ನಿಂತಿತು, ಆದರೆ ಅದು ಬಿಯರಿನೊಳಗೆ ಇಳಿದು ಕೂರಲು ನೀವು ಪುರುಸೊತ್ತು ಕೊಡಲಿಲ್ಲ. ನೊರೆ ಬಂತೆಂದರೆ ಗ್ಯಾಸ್ ಹೆಚ್ಚಾಯಿತು ಎಂದು ಅರ್ಥವಲ್ಲ. ಮನೆಯಲ್ಲಿ ಬಿಯರ್ ಮಾಡುವವರಲ್ಲಿ ಅನೇಕರು ಇಲ್ಲೇ ದಾರಿ ತಪ್ಪಿ ಮುಂದಿನ ಸಲ ಸಕ್ಕರೆ ಇನ್ನಷ್ಟು ಕಡಿಮೆ ಮಾಡುತ್ತಾರೆ.

ಮೊದಲು ಸಪ್ಪೆ ಕೆಗ್. ನಿಮ್ಮ ಕೆಗ್ ಹಿಂದೆ ಸೋಡಾ ಅಂಗಡಿಗಳಲ್ಲಿ ಸಿರಪ್ ತುಂಬಿಡುತ್ತಿದ್ದ ಕಾರ್ನೇಲಿಯಸ್ ಮಾದರಿಯದು. ತಂಪು ಪಾನೀಯದ ಕಂಪನಿಗಳು ಸಿರಪ್ ಅನ್ನು ರಟ್ಟಿನ ಡಬ್ಬಿಯೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾಯಿಸಿದ ಮೇಲೆ ಈ ಕೆಗ್‌ಗಳು ಗುಜರಿ ಬೆಲೆಗೆ ನಮ್ಮಂಥವರ ಕೈಗೆ ಬಂದವು. ಇದರ ಮುಚ್ಚಳವನ್ನು ಒಮ್ಮೆ ಗಮನಿಸಿ. ಅಂಡಾಕಾರದ ಮುಚ್ಚಳ, ಅದನ್ನು ಓರೆಮಾಡಿ ಒಳಗೆ ಇಳಿಸಿ, ಒಳಗಿನಿಂದ ಮೇಲಕ್ಕೆ ಎತ್ತಿ ಕೂರಿಸಬೇಕು. ಅಮ್ಮನ ಅಡುಗೆಮನೆಯ ಹಾಕಿನ್ಸ್ ಕುಕ್ಕರ್ ನೆನಪಾಗುತ್ತದೆಯೇ? ತತ್ವ ಅದೇ. ಒಳಗಿನ ಒತ್ತಡವೇ ಮುಚ್ಚಳವನ್ನು ಮೇಲಕ್ಕೆ ಒತ್ತಿ ರಬ್ಬರನ್ನು ಬಿಗಿ ಮಾಡುತ್ತದೆ. ಗ್ಯಾಸ್ಕೆಟ್ ಹಳೆಯದಾದರೆ ಕುಕ್ಕರ್ ಏನು ಮಾಡುತ್ತದೆಂದು ನಿಮಗೆ ಗೊತ್ತು: ಅಂಚಿನಿಂದ ಸುಯ್ಯೆಂದು ಆವಿ ಬಿಡುತ್ತ ಕೂರುತ್ತದೆ, ಸೀಟಿ ಮಾತ್ರ ಬರುವುದಿಲ್ಲ. ಒಲೆಯ ಉರಿ ಜೋರಾಗಿರುವುದರಿಂದ ಕುಕ್ಕರ್ ಆ ಹಂತವನ್ನು ಹೇಗೋ ದಾಟಿಬಿಡುತ್ತದೆ. ಸಕ್ಕರೆ ತಿಂದು ಗ್ಯಾಸ್ ಹುಟ್ಟಿಸುವ ಯೀಸ್ಟ್ ಹಾಗಲ್ಲ. 28 ಗ್ರಾಂ ಸಕ್ಕರೆಯನ್ನು ಅದು ಹತ್ತು ಹನ್ನೆರಡು ದಿನ ನಿಧಾನವಾಗಿ ತಿನ್ನುತ್ತದೆ. ಗಂಟೆಗೆ ಹುಟ್ಟುವ ಗ್ಯಾಸ್ ಎಷ್ಟು ಅಲ್ಪವೆಂದರೆ, ಮುಚ್ಚಳ ಇನ್ನೂ ಬಿಗಿಯಾಗದಿದ್ದಾಗ ಒಂದು ಕೂದಲೆಳೆಯ ಸಂದಿ ಇದ್ದರೂ ಅಷ್ಟೂ ಹೊರಗೆ ಹೋಗುತ್ತದೆ. ಒತ್ತಡ ಏರದೆ ಮುಚ್ಚಳ ಬಿಗಿಯಾಗದು, ಮುಚ್ಚಳ ಬಿಗಿಯಾಗದೆ ಒತ್ತಡ ಏರದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ.

ಕೂದಲೆಳೆ ಎಂದದ್ದು ಅಲಂಕಾರಕ್ಕಲ್ಲ. ನನ್ನದೊಂದು ಕೆಗ್ ಎರಡು ಸಲ ಸಪ್ಪೆಯಾಗಿ, ಮೂರನೆಯ ಸಲ ಟಾರ್ಚ್ ಹಿಡಿದು ನೋಡಿದಾಗ ಮುಚ್ಚಳದ ರಬ್ಬರ್ ರಿಂಗಿನ ಮೇಲೆ ಅಡ್ಡಡ್ಡ ಒಂದು ಬಿಳಿ ಎಳೆ ಅಂಟಿಕೊಂಡಿತ್ತು. ನಾನು ಕೆಗ್ ಒರೆಸುತ್ತಿದ್ದ ಟವೆಲಿನ ನೂಲು. ಅಂದಿನಿಂದ ಆ ರಿಂಗನ್ನು ಬಟ್ಟೆಯಿಂದ ಒರೆಸುವುದಿಲ್ಲ, ಬೆರಳಿನಿಂದಲೇ ಸವರಿ ನೋಡುತ್ತೇನೆ.

ಹಾಗಾಗಿ ಸಿಲಿಂಡರ್ ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ: ದೊಡ್ಡದು ಬೇಡ, ಆದರೆ ಗ್ಯಾಸೇ ಇಲ್ಲದೆ ನಡೆಯುವುದೂ ಇಲ್ಲ. ಕೆಗ್‌ಗೆ ಗ್ಯಾಸ್ ತುಂಬುವ, ಕೈಯಲ್ಲಿ ಹಿಡಿಯುವ ಒಂದು ಚಾರ್ಜರ್, ಅದಕ್ಕೆ ತಿರುಪು ಇರುವ 16 ಗ್ರಾಂ ಇಂಗಾಲದ ಡೈಆಕ್ಸೈಡಿನ ಪುಟ್ಟ ಕಾರ್ಟ್ರಿಜ್‌ಗಳು ಸಿಗುತ್ತವೆ. ಅದು ನಿಮಗೆ ಎರಡು ಕಡೆ ಬೇಕು. ಒಂದು, ಮುಚ್ಚಿದ ತಕ್ಷಣ 25–30 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಕೊಟ್ಟು ಮುಚ್ಚಳವನ್ನು ಕೂರಿಸಲು. ಇನ್ನೊಂದು, ಕೊನೆಯಲ್ಲಿ ಬಿಯರನ್ನು ಹೊರಗೆ ತಳ್ಳಲು. ಇದರ ಜೊತೆಗೆ ಕೆಗ್ ತಲೆಯ ಎರಡು ಕನೆಕ್ಟರುಗಳಲ್ಲಿ ಗ್ಯಾಸ್ ಒಳಗೆ ಹೋಗುವ ಬದಿಯದಕ್ಕೆ ಹಾಕುವ ಒಂದು ಒತ್ತಡದ ಗೇಜ್ ಕೊಳ್ಳಿ. ಬಾಟಲಿಯಲ್ಲಿ ಏನಾಗುತ್ತಿದೆಯೆಂದು ತಿಳಿಯಲು ಒಂದನ್ನು ಒಡೆದೇ ನೋಡಬೇಕಿತ್ತು. ಕೆಗ್ ಹಾಗಲ್ಲ, ಕೇಳಿದಾಗಲೆಲ್ಲ ಮುಳ್ಳು ತೋರಿಸಿ ಉತ್ತರ ಹೇಳುತ್ತದೆ. ಆ ಸೌಲಭ್ಯವನ್ನು ಬಿಟ್ಟು ಮೂರು ವಾರ ಕಣ್ಣು ಮುಚ್ಚಿ ಕಾಯುವುದು ನನಗಂತೂ ಅರ್ಥವಾಗುವುದಿಲ್ಲ.

ಮುಚ್ಚುವ ಕ್ರಮ ಹೀಗೆ. ಮುಚ್ಚಳದ ದೊಡ್ಡ ರಬ್ಬರ್ ರಿಂಗ್ (ಒ-ರಿಂಗ್) ಹೊಸದು ಹಾಕಿ. ಹಳೆಯ ಸಿರಪ್ಪಿನ ವಾಸನೆ ಹೋಗಲೆಂದಾದರೂ ಅದನ್ನು ಬದಲಿಸಲೇಬೇಕು. ಆಹಾರಕ್ಕೆ ಬಳಸಬಹುದಾದ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ. ಮುಚ್ಚಳವನ್ನು ಮೇಲಕ್ಕೆ ಎಳೆದು ಹಿಡಿದುಕೊಂಡೇ ಗ್ಯಾಸ್ ಬಿಡಿ. ಟಪ್ ಎಂದು ಕೂತದ್ದು ಕೈಗೇ ತಿಳಿಯುತ್ತದೆ. ಆಮೇಲೆ ಹಿಡಿಕೆ ಮಡಚಿ, ಅಂಚಿಗೂ ಎರಡೂ ಕನೆಕ್ಟರಿನ ಬುಡಕ್ಕೂ ಸೋಪಿನ ನೀರು ಸವರಿ ಗುಳ್ಳೆ ಏಳುತ್ತದೆಯೇ ನೋಡಿ. ಹಿಡಿಕೆ ಸಡಿಲವಾಗಿದ್ದರೆ ಅದರ ರಬ್ಬರ್ ಪಾದಗಳ ಕೆಳಗೆ ಸಣ್ಣ ರಬ್ಬರ್ ತುಂಡು ಇಡಬಹುದು. ಕೊನೆಗೆ, ಒತ್ತಡ ಹೊರಬಿಡುವ ರಿಲೀಫ್ ವಾಲ್ವನ್ನು ಮೂರು ನಾಲ್ಕು ಸಲ ಎಳೆದು ಬಿಟ್ಟು ಮತ್ತೆ ತುಂಬಿ, ಒಳಗಿನ ಗಾಳಿ ಬಹುಮಟ್ಟಿಗೆ ಹೊರಗೆ ಹೋಗಲಿ.

ಇಲ್ಲಿ ಒಂದು ಗಾಬರಿ ಕಾದಿದೆ, ಮೊದಲೇ ಹೇಳಿಬಿಡುತ್ತೇನೆ. ರಾತ್ರಿ 30 ತೋರಿಸಿದ ಗೇಜ್ ಬೆಳಗ್ಗೆ ಎರಡೋ ಮೂರೋ ತೋರಿಸುತ್ತದೆ. ಸೋರಿತು ಎಂದು ಬಿಚ್ಚಬೇಡಿ. ಮೇಲಿನ ಅರ್ಧ ಲೀಟರ್ ಜಾಗದಲ್ಲಿದ್ದ ಗ್ಯಾಸನ್ನು ಕೆಳಗಿನ ಒಂಬತ್ತು ಲೀಟರ್ ಬಿಯರ್ ಕುಡಿದಿದೆ, ಅಷ್ಟೇ. ಇನ್ನೊಮ್ಮೆ ತುಸು ಗ್ಯಾಸ್ ಕೊಟ್ಟು ಸುಮ್ಮನಿರಿ. ನಾಲ್ಕನೆಯ ಐದನೆಯ ದಿನಕ್ಕೆ ಮುಳ್ಳು ತಾನಾಗಿಯೇ ಮೇಲೇಳಲು ಶುರುವಾದರೆ ಯೀಸ್ಟ್ ಕೆಲಸಕ್ಕೆ ಇಳಿದಿದೆ, ಮುಚ್ಚಳವೂ ಸರಿಯಾಗಿದೆ. ವಾರವಾದರೂ ಮೇಲೇಳದಿದ್ದರೆ ಮಾತ್ರ ಸೋರಿಕೆ ಹುಡುಕಿ.

ಇನ್ನು ಸಕ್ಕರೆಯ ಲೆಕ್ಕ. ಅರ್ಧ ಸಕ್ಕರೆಯ ಸಲಹೆ ನನಗೂ ಆರಂಭದಲ್ಲಿ ಸಿಕ್ಕಿತ್ತು. ಕೆಗ್‌ನಲ್ಲಿ ಬಿಯರಿನ ಮೇಲಿನ ಖಾಲಿ ಜಾಗ ಬೇರೆ ಪ್ರಮಾಣದಲ್ಲಿರುತ್ತದೆ, ಆದ್ದರಿಂದ ಸಕ್ಕರೆ ಕಡಿಮೆ ಸಾಕು ಎಂಬುದು ಅದಕ್ಕೆ ಕೊಡುವ ಕಾರಣ. ಲೆಕ್ಕ ಹಾಕಿದರೆ ಇದು ನಿಲ್ಲುವುದಿಲ್ಲ. ಖಾಲಿ ಜಾಗ ಹೆಚ್ಚಾದಷ್ಟೂ ಅದನ್ನು ತುಂಬಲು ಗ್ಯಾಸ್ ಹೆಚ್ಚೇ ಬೇಕು. ನಿಮ್ಮ ಕೆಗ್ ತುಂಬಿಯೇ ಇರುವುದರಿಂದ ಬಾಟಲಿಗೂ ಅದಕ್ಕೂ ಅಂಥ ವ್ಯತ್ಯಾಸವಿಲ್ಲ.

ಬಿಯರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡನ್ನು ವಾಲ್ಯೂಮ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಅನಿಲ ಕರಗಿದ್ದರೆ ಒಂದು ವಾಲ್ಯೂಮ್, ತೂಕದಲ್ಲಿ ಲೀಟರಿಗೆ 1.96 ಗ್ರಾಂ. ಇಂಗ್ಲೆಂಡಿನ ಪಬ್ಬುಗಳಲ್ಲಿ ಪೀಪಾಯಿಯಿಂದ ಕೈಪಂಪಿನಲ್ಲಿ ಎತ್ತಿ ಕೊಡುವ ಏಲ್‌ನಲ್ಲಿ ಇದು ಒಂದೂವರೆಯ ಆಸುಪಾಸು. ಅಮೆರಿಕದ ಸಾಮಾನ್ಯ ಏಲ್‌ಗಳಲ್ಲಿ 2.3ರಿಂದ 2.5. ಜರ್ಮನಿಯ ಗೋಧಿ ಬಿಯರಿನಲ್ಲಿ ಮೂರಕ್ಕೂ ಮೇಲೆ. ಹುದುಗು ಮುಗಿದ ಬಿಯರಿನಲ್ಲಿ ಸಕ್ಕರೆ ಹಾಕುವ ಮೊದಲೇ ಸ್ವಲ್ಪ ಗ್ಯಾಸ್ ಉಳಿದಿರುತ್ತದೆ. 20 ಡಿಗ್ರಿಯಲ್ಲಿ ಹುದುಗಿದ್ದರೆ ಅದು ಸುಮಾರು 0.86 ವಾಲ್ಯೂಮ್. ಹುದುಗು ಮುಗಿದ ಮೇಲೆ ಬಿಯರ್ ತಲುಪಿದ ಅತಿ ಹೆಚ್ಚಿನ ಉಷ್ಣಾಂಶವನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಆಮೇಲೆ ತಂಪು ಮಾಡಿದರೆ ಹೊರಟುಹೋದ ಗ್ಯಾಸ್ ಹಿಂದಿರುಗಿ ಬರುವುದಿಲ್ಲ.

ನಿಮಗೆ 2.3 ಬೇಕು ಎಂದಿಟ್ಟುಕೊಳ್ಳೋಣ. ಕೊರತೆ 1.44 ವಾಲ್ಯೂಮ್, ಅಂದರೆ ಲೀಟರಿಗೆ 2.82 ಗ್ರಾಂ, ಒಂಬತ್ತು ಲೀಟರಿಗೆ 25.4 ಗ್ರಾಂ. ಮೇಲಿನ ಅರ್ಧ ಲೀಟರ್ ಜಾಗಕ್ಕೆ ಇನ್ನೆರಡು ಗ್ರಾಂ. ಒಂದು ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಅರ್ಧ ಗ್ರಾಮಿಗಿಂತ ಒಂದು ಚೂರು ಹೆಚ್ಚು ಗ್ಯಾಸ್ ಕೊಡುತ್ತದೆ, ನಿಖರವಾಗಿ 0.515. ಭಾಗಿಸಿದರೆ 53 ಗ್ರಾಂ ಸಕ್ಕರೆ. ನೀವು ಹಾಕಿದ 28 ಗ್ರಾಂ ಇದೇ ಲೆಕ್ಕದಲ್ಲಿ ನಿಮ್ಮನ್ನು 1.6 ವಾಲ್ಯೂಮಿಗೆ ಮುಟ್ಟಿಸಿರುತ್ತದೆ. ಅಂದರೆ ನಿಮಗೆ ಅರಿವಿಲ್ಲದೆ ಇಂಗ್ಲಿಷ್ ಪಬ್ಬಿನ ಬಿಯರ್ ಮಾಡಿದ್ದೀರಿ. ಬ್ರೌನ್ ಏಲ್‌ಗೆ ಅದೇನೂ ಅವಮಾನವಲ್ಲ.

ಹಾಗಿದ್ದರೆ ಎರಡನೆಯ ಕೆಗ್ ನೊರೆ ಕಾರಿದ್ದೇಕೆ? ಗೆಳೆಯರು ಬಂದ ಆ ದಿನವನ್ನು ನಿಧಾನವಾಗಿ ನೋಡೋಣ. 16 ಡಿಗ್ರಿಯಲ್ಲಿ 1.6 ವಾಲ್ಯೂಮ್ ಹಿಡಿದ ಕೆಗ್ ಒಳಗೆ ಒಂಬತ್ತು ಹತ್ತು ಪಿಎಸ್‌ಐ ಒತ್ತಡವಿರುತ್ತದೆ. ನೀವು ಅದನ್ನು ಅಪ್ಪಿಕೊಂಡು ಮೆಟ್ಟಿಲು ಹತ್ತಿದಿರಿ, ಒಳಗೆ ಬಿಯರ್ ಕುಲುಕಿತು, ತಳದ ಗಸಿ ಎದ್ದಿತು. ಆ ಗಸಿಯ ಒಂದೊಂದು ಕಣವೂ ಗುಳ್ಳೆ ಹುಟ್ಟಲು ಒಂದೊಂದು ಮೆಟ್ಟಿಲು. ನಾಲ್ಕೈದು ಗಂಟೆಯಲ್ಲಿ ಕೆಗ್‌ನ ಹೊರಮೈ ತಣ್ಣಗಾಯಿತು, ನಡುಭಾಗ ಇನ್ನೂ ಬೆಚ್ಚಗೇ ಇತ್ತು. ಆಮೇಲೆ, ಹಳೆಯ ಕೆಗ್ ಜೊತೆಗೆ ಸಾಮಾನ್ಯವಾಗಿ ಕೊಡುವ ಮೊಳದುದ್ದದ ಪೈಪು ಮತ್ತು ಒತ್ತುವ ಪ್ಲಾಸ್ಟಿಕ್ ನಲ್ಲಿ. ನೊರೆ ಕಂಡು ಗಾಬರಿಯಾಗಿ ನಲ್ಲಿಯನ್ನು ಅರ್ಧ ಮಾತ್ರ ಒತ್ತಿರುತ್ತೀರಿ, ಎಲ್ಲರೂ ಹಾಗೇ ಮಾಡುತ್ತಾರೆ. ಅರ್ಧ ತೆರೆದ ನಲ್ಲಿಯ ಕಿರಿದಾದ ಬಾಯಿಯಲ್ಲಿ ಬಿಯರ್ ರಭಸದಿಂದ ನುಗ್ಗಿ, ಒತ್ತಡ ಒಮ್ಮೆಲೇ ಬಿದ್ದು, ಇದ್ದಬದ್ದ ಗ್ಯಾಸೆಲ್ಲ ಅಲ್ಲೇ ಬಿಟ್ಟುಕೊಡುತ್ತದೆ. ಲೋಟದಲ್ಲಿ ನೊರೆ, ನೊರೆಯ ಕೆಳಗೆ ಸಪ್ಪೆ ಬಿಯರ್.

ಕೆಗ್ ಮೂರು ದಿನ ಫ್ರಿಜ್ಜಿನಲ್ಲಿ ನಿಂತಲ್ಲೇ ನಿಂತಿರಲಿ. ತಣ್ಣನೆಯ ಬಿಯರ್ ಗ್ಯಾಸನ್ನು ಹೆಚ್ಚು ಹಿಡಿದುಕೊಳ್ಳುತ್ತದೆ, ಗಸಿಯೂ ಮತ್ತೆ ತಳ ಸೇರುತ್ತದೆ. ಪೈಪು ಒಳವ್ಯಾಸ ಐದು ಮಿಲಿಮೀಟರಿನದು, ಎರಡೂವರೆಯಿಂದ ಮೂರು ಮೀಟರ್ ಉದ್ದದ್ದು ಹಾಕಿ, ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಡಿ. ಅಷ್ಟು ಉದ್ದ ಹರಿದು ಬರುವಾಗ ಉಜ್ಜಾಟದಲ್ಲಿ ರಭಸ ತಗ್ಗುತ್ತದೆ. ನಲ್ಲಿಯನ್ನು ಪೂರ್ತಿ ಒತ್ತಿ. ಮೊದಲ ಅರ್ಧ ಲೋಟದಲ್ಲಿ ತಳದಿಂದ ಬಿಯರ್ ಎತ್ತುವ ಡಿಪ್ ಟ್ಯೂಬಿನ ಬಾಯಿಯ ಸುತ್ತಲಿನ ಗಸಿ ಬರುತ್ತದೆ, ಚೆಲ್ಲಿ. ಆ ಟ್ಯೂಬನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸುವವರಿದ್ದಾರೆ. ಹತ್ತು ಲೀಟರಿನ ಕೆಗ್‌ನಲ್ಲಿ ಅಷ್ಟು ಕತ್ತರಿಸಿದರೆ ತಳದಲ್ಲಿ ಒಂದು ಲೋಟ ಒಳ್ಳೆಯ ಬಿಯರ್ ಪ್ರತಿಸಲವೂ ಉಳಿದುಹೋಗುತ್ತದೆ. ನಾನು ಕತ್ತರಿಸಿಲ್ಲ.

ತಣ್ಣಗಾದ ಮೇಲೆ ಇನ್ನೊಂದು ತೊಂದರೆ ಎದುರಾಗುತ್ತದೆ. ನಾಲ್ಕು ಡಿಗ್ರಿಗೆ ಇಳಿದ 1.6 ವಾಲ್ಯೂಮ್ ಬಿಯರ್ ಮೇಲಿನ ಒತ್ತಡ ಒಂದೆರಡು ಪಿಎಸ್‌ಐ ಮಾತ್ರ. ಅದು ಬಿಯರನ್ನು ನಲ್ಲಿಯವರೆಗೂ ತಳ್ಳಲಾರದು. 2.3 ಇದ್ದರೆ ಶುರುವಿಗೆ ಎಂಟೊಂಬತ್ತು ಪಿಎಸ್‌ಐ ಸಿಗುತ್ತದೆ, ಆದರೆ ನಾಲ್ಕು ಲೋಟ ಇಳಿಸುವಷ್ಟರಲ್ಲಿ ಖಾಲಿ ಜಾಗ ದೊಡ್ಡದಾಗಿ ಅದೂ ಕುಸಿಯುತ್ತದೆ. ಬಿಯರ್ ತನ್ನೊಳಗಿನ ಗ್ಯಾಸನ್ನು ಬಿಟ್ಟು ಆ ಜಾಗ ತುಂಬಲು ಹೊರಡುತ್ತದೆ, ಕೊನೆಯ ಲೋಟ ಸಪ್ಪೆಯಾಗುತ್ತದೆ. ಅದಕ್ಕೇ ಕಾರ್ಟ್ರಿಜ್. ಹೊರತೆಗೆದ ಪ್ರತಿ ಲೀಟರಿನ ಜಾಗಕ್ಕೆ ಮೂರು ಗ್ರಾಮಿನಷ್ಟು ಗ್ಯಾಸ್ ಬೇಕು, ಹಾಗಾಗಿ 16 ಗ್ರಾಮಿನ ಎರಡು ಒಂದು ಕೆಗ್‌ಗೆ ಸಾಕು. ಕೈತಪ್ಪಿಗೆ ಇನ್ನೊಂದು ಇರಲಿ. ಯೀಸ್ಟ್ ಗ್ಯಾಸ್ ತುಂಬಿಕೊಡುತ್ತದೆ, ಬಡಿಸುವ ಕೆಲಸ ನಿಮ್ಮದೇ.

ಸಪ್ಪೆ ಕೆಗ್ ಉಳಿಯುತ್ತದೆ. ಒಂದು ಗುಟುಕು ಕುಡಿದು ನೋಡಿ. ಸಿಹಿ ಇದ್ದರೆ ಯೀಸ್ಟ್ 16 ಡಿಗ್ರಿಯ ಚಳಿಗೆ ಮಲಗಿದೆ ಎಂದರ್ಥ. ಇಂಗ್ಲಿಷ್ ಏಲ್ ತಳಿಗಳು ಬೇಗ ತಳ ಸೇರುವ ಸೋಮಾರಿಗಳು. ಆಗ ಹೊಸ ಸಕ್ಕರೆ ಬೇಡ, ಕೆಗ್ ಅನ್ನು ಮೇಲಿನ ಕೋಣೆಗೆ ತಂದು, ತಲೆಕೆಳಗು ಮಾಡಿ ಒಮ್ಮೆ ಕುಲುಕಿ, 20–21 ಡಿಗ್ರಿಯಲ್ಲಿ ಇನ್ನೆರಡು ವಾರ ಇಡಿ. ಸಿಹಿ ಇಲ್ಲದಿದ್ದರೆ, ನನಗೆ ಅನುಮಾನವಿಲ್ಲದೆ ಹಾಗೇ ಇರುತ್ತದೆ, ಸಕ್ಕರೆ ಮುಗಿದು ಗ್ಯಾಸ್ ಸೋರಿದೆ. 50 ಗ್ರಾಂ ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಆರಿಸಿ, ಮೆಲ್ಲಗೆ ಸುರಿದು, ಮೇಲೆ ಹೇಳಿದಂತೆ ಮುಚ್ಚಿ. ಸೌಟು ಹಾಕಿ ಮೊಗೆದಿರುವುದರಿಂದ ಒಳಗೆ ಗಾಳಿ ಸೇರಿದೆ. ಆಮ್ಲಜನಕ ಬಿಯರನ್ನು ಹಳಸುತ್ತದೆ, ಒದ್ದೆ ರಟ್ಟಿನ ವಾಸನೆ ಕೊಡುತ್ತದೆ. ಯೀಸ್ಟ್ ಮತ್ತೆ ಎದ್ದರೆ ಅದರ ಒಂದಷ್ಟನ್ನು ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ಇದನ್ನು ಮುಂದಿನ ವಾರಕ್ಕೆ ತಳ್ಳದೆ ಇಂದೇ ಮಾಡಿ. ಬಹಳ ದಿನ ತಣ್ಣಗಿಟ್ಟ ಲಾಗರ್ ಅಥವಾ ಮದ್ಯಾಂಶ ಶೇ 9–10 ದಾಟಿದ ಕಡಕ್ ಬಿಯರ್ ಆಗಿದ್ದರೆ ಒಂದು ಚಿಟಿಕೆ ಹೊಸ ಯೀಸ್ಟ್ ಹಾಕಿ ಎನ್ನುತ್ತಿದ್ದೆ. ನಿಮ್ಮದಕ್ಕೆ ಬೇಕಿಲ್ಲ.

ಸಕ್ಕರೆಯೇ ಬೇಡದ ಒಂದು ದಾರಿಯೂ ಇದೆ. ಬವೇರಿಯಾದ 1516ರ ಬಿಯರ್ ಶಾಸನದಲ್ಲಿ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂ), ನೀರು ಬಿಟ್ಟು ಬೇರೆಯದಕ್ಕೆ ಜಾಗವಿರಲಿಲ್ಲ. ಆ ಪರಂಪರೆಯ ಜರ್ಮನ್ ಲಾಗರ್ ತಯಾರಕರು ಹುದುಗು ಮುಗಿಯುವ ಮೊದಲೇ ಪಾತ್ರೆ ಮುಚ್ಚಿ, ಉಳಿದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಸಕ್ಕರೆಯಿಂದಲೇ ಗ್ಯಾಸ್ ಪಡೆಯುತ್ತಾರೆ. ಇದಕ್ಕೆ ಸ್ಪುಂಡಿಂಗ್ ಎಂದು ಹೆಸರು. ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಒಂದು ಅಂಕ, ಅಂದರೆ 0.001, ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ. ನಿಮ್ಮ ಬಿಯರ್ 1.012ಕ್ಕೆ ನಿಲ್ಲುವುದಾದರೆ 1.015ರಲ್ಲಿ ಕೆಗ್‌ಗೆ ತುಂಬಬೇಕು. ಕೇಳಲು ಚೆಂದ. ಆದರೆ ಎಲ್ಲಿ ನಿಲ್ಲುತ್ತದೆಂದು ಮೊದಲೇ ಗೊತ್ತಿರಬೇಕು, ಬೇಕಾದ ಒತ್ತಡ ದಾಟಿದೊಡನೆ ತಾನೇ ತೆರೆದುಕೊಳ್ಳುವ ವಾಲ್ವ್ ಇರಬೇಕು. ಒಂದೇ ಬಿಯರನ್ನು ಮೂರು ನಾಲ್ಕು ಸಲ ಮಾಡಿ ಅದರ ನಡೆ ತಿಳಿದ ಮೇಲೆ ಪ್ರಯತ್ನಿಸಿ. ಅಲ್ಲಿಯವರೆಗೆ, ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಅಂಕ ಬಂದ ಮೇಲೆಯೇ ಕೆಗ್ ತುಂಬಿ.

ನಿಮ್ಮ ಸ್ಟೀಲ್ ಕೆಗ್ ಮೇಲೆ 130 ಪಿಎಸ್‌ಐ ಎಂದು ಅಚ್ಚೊತ್ತಿರುತ್ತದೆ. ಸಕ್ಕರೆ ಹತ್ತು ಗ್ರಾಂ ಹೆಚ್ಚಾದರೆ ಅದು ಸಿಡಿಯುವುದಿಲ್ಲ, ರಿಲೀಫ್ ವಾಲ್ವ್ ಎಳೆದು ಸರಿಮಾಡಬಹುದು. ಈ ಧೈರ್ಯವನ್ನು ಅಂಗಡಿಯಲ್ಲಿ ಸಿಗುವ ಐದು ಲೀಟರಿನ ತಗಡಿನ ಮಿನಿ ಕೆಗ್ ಮೇಲೆ ತೋರಿಸಬೇಡಿ. ಸಕ್ಕರೆ ಹೆಚ್ಚಾದರೆ ಅದರ ತಳ ಮತ್ತು ತಲೆ ಪೂರಿಯಂತೆ ಉಬ್ಬುತ್ತವೆ, ಒಮ್ಮೆ ಉಬ್ಬಿದ್ದನ್ನು ಮತ್ತೆ ಬಳಸಬಾರದು. ಅದಕ್ಕೆ ಎರಡು ವಾಲ್ಯೂಮಿನ ಗುರಿ ಸಾಕು, ಸುಮಾರು 20 ಗ್ರಾಂ ಸಕ್ಕರೆ. ಯಾವುದೇ ಕೆಗ್ ಇರಲಿ, ರಿಲೀಫ್ ವಾಲ್ವ್ ಎಳೆದು ಸದ್ದು ಪೂರ್ತಿ ನಿಂತ ಮೇಲೆ ಮಾತ್ರ ಮುಚ್ಚಳಕ್ಕೆ ಕೈ ಹಾಕಿ.

ಬೆಲ್ಲ ಧಾರಾಳವಾಗಿ ಹಾಕಬಹುದು. ಅದರಲ್ಲಿ ನೀರಿನಂಶ ಮತ್ತು ಹುದುಗದ ಪದಾರ್ಥ ಸೇರಿರುವುದರಿಂದ ಸಕ್ಕರೆಗಿಂತ ಹತ್ತು ಹದಿನೈದು ಶೇಕಡಾ ಹೆಚ್ಚು ಬೇಕು, 53 ಗ್ರಾಮಿನ ಬದಲು 60. ಅಚ್ಚಿನಿಂದ ಅಚ್ಚಿಗೆ ವ್ಯತ್ಯಾಸವಿರುವುದರಿಂದ ಗೇಜ್ ನೋಡಿಕೊಳ್ಳುತ್ತಿರಿ. ಕುದಿಸಿದ ಮೇಲೆ ಸೋಸಿ, ಕಬ್ಬಿನ ಸಿಪ್ಪೆಯ ಚೂರು ಡಿಪ್ ಟ್ಯೂಬಿಗೆ ಸಿಕ್ಕಿಕೊಂಡರೆ ಮತ್ತೆ ಬಿಚ್ಚಬೇಕಾಗುತ್ತದೆ. ಬೆಲ್ಲದ ರುಚಿ ಬರುತ್ತದೆಂಬ ಆಸೆ ಮಾತ್ರ ಬೇಡ. ಒಂಬತ್ತು ಲೀಟರಿಗೆ 60 ಗ್ರಾಂ ಎಂದರೆ ಲೋಟಕ್ಕೆ ಒಂದು ಸಣ್ಣ ಚಮಚವೂ ಇಲ್ಲ, ಅದರ ಸಿಹಿಯನ್ನೂ ಯೀಸ್ಟ್ ತಿಂದಿರುತ್ತದೆ. ರುಚಿ ಬೇಕಿದ್ದರೆ ಮಾಲ್ಟ್ ಕುದಿಯುವಾಗಲೇ ಅರ್ಧ ಕಿಲೊ ಹಾಕಿ.

ತಮ್ಮನ ವಿಷಯ. ಅಮೆರಿಕದಲ್ಲಿ 1978ರ ಕಾಯ್ದೆಯಿಂದಾಗಿ ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿಗಿಂತ ಕಡಿಮೆಯಿಲ್ಲದ ಮನೆಗೆ 200 ಗ್ಯಾಲನ್ ಬಿಯರನ್ನು ಸ್ವಂತಕ್ಕೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಅಲ್ಲಿಯೂ ಎಲ್ಲ ರಾಜ್ಯಗಳು ಒಪ್ಪಲು 2013ರವರೆಗೆ ಕಾಯಬೇಕಾಯಿತು, ಕೊನೆಗೆ ಬಂದವು ಮಿಸಿಸಿಪ್ಪಿ ಮತ್ತು ಅಲಬಾಮಾ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಮನೆಬಳಕೆಗೆ ಎಂಬ ಸಬೂಬು ನಡೆಯುವುದಿಲ್ಲ. ತಮ್ಮನನ್ನು ಬೆಂಗಳೂರಿನ ಯಾವುದಾದರೂ ಮೈಕ್ರೊಬ್ರೂವರಿಗೆ ಕರೆದೊಯ್ದು ಗಾಜಿನ ಗೋಡೆಯಾಚೆಯ ಟ್ಯಾಂಕುಗಳನ್ನು ತೋರಿಸಿ. ಒತ್ತಡ ಏರಿದರೆ ಮುಚ್ಚಳ ಹೇಗೆ ಕೂರುತ್ತದೆ ಎಂದು ಕಲಿಸಲು ಮನೆಯ ಕುಕ್ಕರ್ ಇದ್ದೇ ಇದೆ.